ಎಮ್ಮೆ ಹಿಂಡಲು ಮನಸ್ಸು ಬೇಕೆ?

ಮನೆಯಲ್ಲಿ ತೆಲುಗು, ಹೊಲದಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಉಮರಗಾ, ನಿಲಂಗಾ, ಉದಗೀರ ಭಾಗದ ಗಡಿ ಊರುಗಳಲ್ಲಿ ಹೀಗೆ ಮೂರು ನಾಲಿಗೆ ಇಟ್ಟುಕೊಂಡು ಬದುಕುವವರು ಬಹಳ ಮಂದಿ ಇದ್ದೇವೆ. ಮೂರು ಭಾಷೆ ಬಲ್ಲವನಿಗೆ ಒಂದು ಲಾಭವುಂಟು. ಕೆಲಸ ಮಾಡದೆ ಕೂಡುವ ಗುಣಕ್ಕೆ ಅವನ ಹತ್ತಿರ ಮೂರು ಹೆಸರಿರುತ್ತವೆ!

ಕನ್ನಡದವರು ಅದನ್ನು ಮೈಗಳ್ಳತನ ಎನ್ನುತ್ತಾರೆ. ಮೈ ಇದೆ, ಶಕ್ತಿ ಇದೆ, ಆದರೆ ಅದನ್ನು ಕದ್ದು ಮುಚ್ಚಿಡುವವನು ಮೈಗಳ್ಳ. ತೆಲುಗಿನವರು ಬದ್ಧಕಂ ಎನ್ನುತ್ತಾರೆ. ಆ ಮಾತಿನೊಳಗೆ ನನ್ನ ಕಿವಿಗೆ ‘ಬದ್ಧ’ ಎಂಬುದು ಕೇಳಿಸುತ್ತದೆ. ಅಂದರೆ ಇವನನ್ನು ಯಾವುದೋ ಹಗ್ಗ ಕಟ್ಟಿ ಹಾಕಿದೆ. ಮರಾಠಿಯಿಂದ ನಮ್ಮ ಗಡಿ ಕನ್ನಡಕ್ಕೂ ಬಂದು ಕೂತ ಮಾತು ಕಂಟಾಳಾ. ಮಾಡಿದ್ದನ್ನೇ ಮಾಡಿ ಬೇಸರ ಬಂದವನ ಮಾತು ಅದು. ಕಳ್ಳತನ ಬೇರೆ, ಕಟ್ಟು ಬೇರೆ, ಬೇಸರ ಬೇರೆ. ಮೂರಕ್ಕೂ ಒಂದೇ ಔಷಧ ಹತ್ತುವುದಿಲ್ಲ.

ಈ ಪೀಠಿಕೆ ಯಾಕೆಂದರೆ, ಈಗ ನಮ್ಮ ಊರುಗಳಲ್ಲಿ ಐವತ್ತು ದಾಟಿದ ನಾಲ್ಕು ಜನ ಕೂಡಿದಲ್ಲಿ ಮಳೆ, ದರ ಎರಡರ ಮಾತು ಮುಗಿದ ಕೂಡಲೆ ಮೂರನೆಯದಾಗಿ ಸಕ್ಕರೆ ಕಾಯಿಲೆಯ ಮಾತು ಬರುತ್ತದೆ. ‘ಡಾಕ್ಟರ್ ದಿನಾ ನಡೀರಿ ಅಂದಾರ’ ಎಂದು ಒಬ್ಬರು ಹೇಳುತ್ತಾರೆ. ‘ನಡೀತೀರೇನ್ರಿ?’ ಎಂದರೆ ‘ಏನ್ ಮಾಡೋದಪ್ಪಾ, ಮನಸ್ಸೇ ಆಗವಲ್ದು’ ಎಂಬ ಉತ್ತರ. ಗುಳಿಗೆ ನುಂಗಲು ಮನಸ್ಸು ಬರುತ್ತದೆ, ನಡೆಯಲು ಬರುವುದಿಲ್ಲ. ಇದೇನು ಒಬ್ಬರ ಮಾತಲ್ಲ, ಮನೆ ಮನೆಯ ಮಾತು.

ರೈತನಿಗೂ ವ್ಯಾಯಾಮ ಬೇಕಾಯಿತೆ?

‘ಹೊಲದಾಗ ದುಡಿಯೋವಗ ಮತ್ತ್ಯಾಕ ವ್ಯಾಯಾಮ?’ ಎಂದು ಹಿರಿಯರು ನಗುತ್ತಿದ್ದರು. ಅವರ ಕಾಲಕ್ಕೆ ಆ ನಗು ಸರಿಯಾಗಿಯೇ ಇತ್ತು. ರಂಟೆ ಹೊಡೆಯುವವನು ದಿನಕ್ಕೆ ಎಷ್ಟು ಹರದಾರಿ ನಡೆಯುತ್ತಿದ್ದನೆಂದು ಅವನೂ ಲೆಕ್ಕ ಇಟ್ಟಿಲ್ಲ, ಅವನ ಎತ್ತೂ ಇಟ್ಟಿಲ್ಲ. ರಾಶಿ ಮಾಡುವುದು, ಕಣಿಕೆ ಹೊರುವುದು, ಬಾವಿಯಿಂದ ನೀರು ಸೇದುವುದು, ಸಂತೆಗೆ ನಡೆದು ಹೋಗುವುದು, ಎಲ್ಲವೂ ಮೈಯ ಮೇಲಿನ ಕೆಲಸವೇ.

ಈಗ ಹೊಲ ಹಸನು ಮಾಡಲು ಟ್ರ್ಯಾಕ್ಟರು, ಸೋಯಾಬೀನ್ ರಾಶಿಗೆ ಯಂತ್ರ, ಕಬ್ಬು ಕಡಿಯಲು ಟೋಳಿಯವರು. ಬಾವಿಯ ಮೋಟರ್ ಶುರು ಮಾಡಲು ಮೊಬೈಲಿನ ಗುಂಡಿ ಒತ್ತಿದರೆ ಸಾಕು. ಮನೆಯಿಂದ ಹೊಲಕ್ಕೆ ಮೋಟರ್ ಸೈಕಲ್. ದುಡಿಮೆ ಹೋಯಿತು, ಆದರೆ ದುಡಿಯುವವನ ಊಟ ಹೋಗಲಿಲ್ಲ. ಅವೇ ನಾಲ್ಕು ರೊಟ್ಟಿ, ಅದೇ ತಾಟಿನ ತುಂಬ ಅನ್ನ, ದಿನಕ್ಕೆ ಆರು ಸಲ ಸಕ್ಕರೆ ಹಾಕಿದ ಚಹಾ. ಅಡತಿ ಅಂಗಡಿಯ ವ್ಯಾಪಾರಿ ಬಂಧುಗಳ ಪಾಡು ಇನ್ನೂ ಕಷ್ಟ. ಮುಂಜಾನೆ ಗಾದಿಯ ಮೇಲೆ ಕೂತವರು ರಾತ್ರಿ ಏಳುವುದು.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ. ಕಾಯಿಲೆಯ ಹೊಸ್ತಿಲ ಮೇಲೆ ನಿಂತವರು ಇನ್ನೂ 13.6 ಕೋಟಿ. 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಮತ್ತೊಂದು ಲೆಕ್ಕ ನೋಡಿರಿ. 2000ದಲ್ಲಿ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 22 ಜನ ಮೈಗೆ ಬೇಕಾದಷ್ಟು ಕೆಲಸ ಕೊಡುತ್ತಿರಲಿಲ್ಲ. 2022ಕ್ಕೆ ಅದು 49 ಆಯಿತು. ಹೆಂಗಸರಲ್ಲಂತೂ 57. ಅರ್ಧ ದೇಶ ಕೂತಿದೆ ಎಂದ ಹಾಗಾಯಿತು. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆ ರೊಕ್ಕದ ಬಗ್ಗೆ ಹುಟ್ಟಿದ್ದಿರಬಹುದು. ಈಗ ಮೈಗೂ ಹೊಂದುತ್ತದೆ.

ನನ್ನ ಗೆಳೆಯರೊಬ್ಬರು ಕಾಳಿನ ವ್ಯಾಪಾರಿ. ಮೂವತ್ತು ವರ್ಷ ಗಾದಿ ಬಿಟ್ಟು ಇಳಿದವರಲ್ಲ. ಸಕ್ಕರೆ ಹೆಚ್ಚಾಗಿ ಕಾಲಿನ ಸ್ಪರ್ಶವೇ ಹೋಗಿತ್ತು. ಚಪ್ಪಲಿಯ ಮೊಳೆ ಚುಚ್ಚಿದ್ದು ನಾಲ್ಕು ದಿನ ಗೊತ್ತೇ ಆಗಲಿಲ್ಲ. ಕಡೆಗೆ ಸೊಲ್ಲಾಪುರದ ದವಾಖಾನೆಯಲ್ಲಿ ಎರಡು ಬೆರಳು ತೆಗೆದರು. ನೋಡಲು ಹೋದಾಗ ಅವರು ಹೇಳಿದ ಮಾತು ಒಂದೇ: ‘ನಡೀಲಾಕ ಮನಸ್ಸಿರಲಿಲ್ಲ ಅಂತಿದ್ದೆ. ಈಗ ಮನಸ್ಸದ, ಬೆರಳಿಲ್ಲ.’ ಈ ಮಾತಿನ ಮೇಲೆ ಕವಿತೆ ಕಟ್ಟಬೇಕೆಂದು ಕೂತೆ. ಅವರ ಮಾತಿಗಿಂತ ಮುಂದೆ ಹೋಗಲು ಪದವೇ ಸಿಗಲಿಲ್ಲ.

ತಾಲೀಮಿನ ವಸ್ತಾದ ಬಲ್ಲ ಗುಟ್ಟು

ಮನಸ್ಸು ಬಾರದಿದ್ದರೂ ಮೈಯನ್ನು ಎಬ್ಬಿಸುವ ವಿದ್ಯೆ ನಮ್ಮ ಭಾಗಕ್ಕೆ ಹೊಸತಲ್ಲ. ಅದರ ಹೆಸರು ಗರಡಿ ಮನೆ, ಮರಾಠಿಯವರ ತಾಲೀಮು. ನಿಲಂಗಾ ತಾಲೂಕಿನ ರಾಮಲಿಂಗ ಮುದಗಡ ಎಂಬ ಹಳ್ಳಿಯ ಹರಿಶ್ಚಂದ್ರ ಬಿರಾಜದಾರ 1969ರಲ್ಲಿ ಮಹಾರಾಷ್ಟ್ರ ಕೇಸರಿಯಾದರು. ಮರುವರ್ಷ 1970ರಲ್ಲಿ ಎಡಿನ್‌ಬರೋದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ತಂದರು. ಆಮೇಲೆ ಅವರೇ ವಸ್ತಾದರಾಗಿ ಹುಡುಗರನ್ನು ತಯಾರು ಮಾಡಿದರು. ಆಚೆ ಬೆಳಗಾವಿ ಗಡಿಯಲ್ಲಿ ಚಿಕ್ಕೋಡಿ ಕಡೆಯ ಎಕ್ಸಂಬಾದ ಶ್ರೀಪತಿ ಖಂಚನಾಳೆ 1959ರಲ್ಲಿ ಹಿಂದ್ ಕೇಸರಿಯಾದರು. ಹುಟ್ಟಿದ್ದು ಕರ್ನಾಟಕದಲ್ಲಿ, ಹೆಸರಾದದ್ದು ಕೊಲ್ಹಾಪುರದಲ್ಲಿ. ಕುಸ್ತಿಗೆ ಗಡಿ ಇಲ್ಲ.

ಇಂಥ ಪೈಲವಾನರಿಗೆ ದಿನಾ ಬೆಳಗಿನ ಜಾವ ಹುಮ್ಮಸ್ಸು ಉಕ್ಕುತ್ತಿತ್ತೆಂದು ತಿಳಿಯಬಾರದು. ಚಳಿಗಾಲದ ನಾಲ್ಕು ಗಂಟೆಗೆ ಹದಿನಾರರ ಹುಡುಗನಿಗೆ ಹಾಸಿಗೆಯೇ ಸ್ವರ್ಗ. ಆದರೆ ವಸ್ತಾದ ‘ನಿನಗ ಮನಸ್ಸದ ಏನು?’ ಎಂದು ಕೇಳುವವನಲ್ಲ. ತಾಲೀಮಿನಲ್ಲಿ ಹೊತ್ತು ಗೊತ್ತು, ಜಾಗ ಗೊತ್ತು, ಜೋಡಿ ಗೊತ್ತು. ಒಬ್ಬ ಬಾರದಿದ್ದರೆ ಅವನ ಜೋಡಿಯವನು ಸುಮ್ಮನೆ ನಿಲ್ಲಬೇಕಾಗುತ್ತದೆ. ಆದ್ದರಿಂದ ಅವನೇ ಹೋಗಿ ಎಳೆದು ತರುತ್ತಾನೆ. ಬಂದ ಕೂಡಲೆ ಕುಸ್ತಿಯಲ್ಲ. ಮೊದಲು ಮಾರುತಿಗೆ ಕೈಮುಗಿಯುವುದು, ಆಮೇಲೆ ಸಲಿಕೆ ಹಿಡಿದು ಕೆಂಪು ಮಣ್ಣು ತಿರುವುವುದು. ಮಣ್ಣು ತಿರುವುವುದರಲ್ಲೇ ಮೈ ಬಿಸಿಯಾಗುತ್ತದೆ. ಮೈ ಬಿಸಿಯಾದ ಮೇಲೆ ದಂಡ, ಬೈಠಕ. ಅಷ್ಟರಲ್ಲಿ ನಿದ್ದೆ ಎಲ್ಲಿ ಹೋಯಿತೆಂದು ಹುಡುಗನಿಗೇ ತಿಳಿಯದು.

ಗುಟ್ಟು ಇಲ್ಲಿದೆ ನೋಡಿರಿ. ಮನಸ್ಸು ಮೊದಲು ಬಂದು ಮೈಯನ್ನು ಕರೆಯಬೇಕೆಂದು ನಾವು ಕಾಯುತ್ತೇವೆ. ನಿಜದಲ್ಲಿ ಮೈ ಮೊದಲು ಹೊರಡಬೇಕು, ಮನಸ್ಸು ಅದರ ಬೆನ್ನಿಗೆ ಬರುತ್ತದೆ. ಎತ್ತು ಹೂಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುಂಜಾನೆ ಮೊದಲ ಸಾಲಿಗೆ ಎತ್ತು ಮುಂದೆ ಹೋಗುವುದಿಲ್ಲ, ಕೊರಳು ಹೊರಳಿಸುತ್ತದೆ. ಮೂರನೆಯ ಸಾಲಿಗೆ ಬಾರುಕೋಲು ಎತ್ತಬೇಕಾಗಿಯೇ ಇಲ್ಲ. ಮೊದಲ ಸಾಲಿನ ತೂಕ ನೋಡಿ ಇಡೀ ದಿನ ಹೀಗೇ ಎಂದು ಯಾವ ರೈತನೂ ನೊಗ ಬಿಚ್ಚುವುದಿಲ್ಲ. ನಮ್ಮ ಮೈಯ ವಿಷಯದಲ್ಲಿ ಮಾತ್ರ ಬಿಚ್ಚಿಬಿಡುತ್ತೇವೆ. ಹಾಗಾಗಿ ಗಂಟೆಗಟ್ಟಲೆ ನಡೆಯುವ ಸಂಕಲ್ಪ ಬೇಡ. ಹತ್ತೇ ನಿಮಿಷ ನಡೆಯುತ್ತೇನೆ, ಆಮೇಲೂ ಬೇಡವೆನಿಸಿದರೆ ತಿರುಗಿ ಬರುತ್ತೇನೆ ಎಂದು ಹೊರಡಿರಿ. ಹತ್ತು ನಿಮಿಷ ನಡೆದವನಿಗೆ ತಿರುಗಿ ಬರುವ ಮನಸ್ಸಾಗುವುದು ಕಡಿಮೆ.

ಉಪದೇಶಕ್ಕಿಂತ ಒಂದು ಸಾಲಿನ ಬರಹ

2002ರಲ್ಲಿ ಬ್ರಿಟನ್ನಿನಲ್ಲಿ 248 ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪರೀಕ್ಷೆ ನಡೆಯಿತು. ವಾರಕ್ಕೆ ಒಂದು ಸಲವಾದರೂ ಇಪ್ಪತ್ತು ನಿಮಿಷ ವ್ಯಾಯಾಮ ಮಾಡುತ್ತಾರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಒಂದು ಗುಂಪಿಗೆ ಏನೂ ಹೇಳಲಿಲ್ಲ. ಅವರಲ್ಲಿ ನೂರಕ್ಕೆ 38 ಜನ ಮಾಡಿದರು. ಎರಡನೆಯ ಗುಂಪಿಗೆ ಹೃದಯರೋಗದ ಭಯ, ವ್ಯಾಯಾಮದ ಲಾಭ ಎಲ್ಲವನ್ನೂ ಓದಿಸಿದರು. ಅವರಲ್ಲಿ ಮಾಡಿದವರು ನೂರಕ್ಕೆ 35. ಅಂದರೆ ಉಪದೇಶ ಮಣ್ಣುಪಾಲು. ಮೂರನೆಯ ಗುಂಪಿಗೆ ಅದೇ ಉಪದೇಶದ ಜೊತೆಗೆ ‘ಯಾವ ವಾರ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ ಮಾಡುತ್ತೀರಿ’ ಎಂದು ಒಂದು ಸಾಲು ಬರೆಸಿದರು. ಅವರಲ್ಲಿ ಮಾಡಿದವರು ನೂರಕ್ಕೆ 91!

ಇದು ನಮ್ಮ ವ್ಯಾಪಾರಿಗಳಿಗೆ ಬೇಗ ತಿಳಿಯುವ ಮಾತು. ಬಾಯಿ ಮಾತಿನ ಉದ್ರಿ ಮುಳುಗುತ್ತದೆ, ಖಾತೆಗೆ ಹತ್ತಿಸಿದ್ದು ವಸೂಲಾಗುತ್ತದೆ. ‘ನಾಳೆಯಿಂದ ನಡೀತೀನಿ’ ಎನ್ನುವುದು ಬಾಯಿ ಮಾತು. ‘ಎಮ್ಮೆ ಹಿಂಡಿ, ಚರಿಗೆ ಒಳಗಿಟ್ಟ ಕೂಡಲೆ, ಶಾಲೆಯ ಹಿಂದಿನ ಬಂಡಿ ದಾರಿಯಿಂದ ಹಳ್ಳದ ತನಕ’ ಎಂಬುದು ಖಾತೆ. ದಿನಾ ತಪ್ಪದೆ ನಡೆಯುವ ಯಾವುದಾದರೂ ಕೆಲಸದ ಬಾಲಕ್ಕೆ ಇದನ್ನು ಕಟ್ಟಬೇಕು. ಎಮ್ಮೆ ಹಿಂಡಲು ಮನಸ್ಸಿದೆಯೇ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಜ್ವರ ಬಂದರೂ, ಮನೆಯಲ್ಲಿ ಮದುವೆಯಿದ್ದರೂ ಹಿಂಡುತ್ತೇವೆ. ಹಿಂಡದಿದ್ದರೆ ಕೆಚ್ಚಲು ಬಾಯುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ನಮ್ಮ ಕೀಲು, ರಕ್ತನಾಳ ಕೆಡುವುದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ತಾರೀಖು ಮುಗಿದ ಮೇಲೆ

ನಮ್ಮೂರ ಮುಂದೆ ಹಾಯುವ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ನಸುಕಿನಲ್ಲಿ ಓಡುವ ಹುಡುಗರನ್ನು ನೀವೂ ನೋಡಿರಬೇಕು. ಪೊಲೀಸ್ ಭರ್ತಿಗೆ ತಯಾರಿ. ಮಹಾರಾಷ್ಟ್ರದ ಭರ್ತಿಯಲ್ಲಿ ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 800 ಮೀಟರ್ ಓಟವಿದೆ. ಅವರಿಗೆ ಮನಸ್ಸಿನ ಕೊರತೆ ಇಲ್ಲ, ನೌಕರಿಯ ಆಸೆ ಓಡಿಸುತ್ತದೆ. ಆದರೆ ಭರ್ತಿಯಾದವರೂ, ವಯಸ್ಸು ಮೀರಿ ಬಿಟ್ಟವರೂ ಎರಡು ವರ್ಷದಲ್ಲಿ ಹೊಟ್ಟೆ ಬೆಳೆಸುವುದನ್ನು ನಾವು ಕಾಣುತ್ತೇವೆ. ತಾರೀಖಿಗಾಗಿ ಹುಟ್ಟಿದ ಉತ್ಸಾಹ ತಾರೀಖಿನೊಂದಿಗೇ ತೀರುತ್ತದೆ.

ತುಳಜಾಪುರದ ಪಾದಯಾತ್ರೆಯೂ ಹಾಗೆಯೇ. ಆಶ್ವಯುಜದ ಹುಣ್ಣಿಮೆಗೆ ಕಲಬುರಗಿ, ಬೀದರ್ ಕಡೆಯ ಜನ ಸಾವಿರಗಟ್ಟಲೆ ಅಂಬಾಭವಾನಿಯ ದರ್ಶನಕ್ಕೆ ನಡೆಯುತ್ತಾರೆ. ವರ್ಷವೆಲ್ಲ ಅಂಗಡಿಯಿಂದ ಮನೆಗೆ ನಡೆಯದ ಶೇಠಜಿಯೂ ಬರಿಗಾಲಲ್ಲಿ ನಡೆಯುತ್ತಾನೆ. ಯಾಕೆ ನಡೆದ? ಒಂದು ಹರಕೆ, ಎರಡು ಜನರ ಜೊತೆ, ಮೂರು ಹಾಡು. ದಾರಿಯ ದಣಿವು ಹಾಡಿನಲ್ಲಿ ಕರಗುತ್ತದೆ. ಇದರಿಂದ ಕಲಿಯಬೇಕಾದದ್ದು ಏನೆಂದರೆ, ಕಂಟಾಳಾ ಎಂಬುದಕ್ಕೆ ಔಷಧ ಜೊತೆಗಾರ. ಆದರೆ ವರ್ಷಕ್ಕೊಂದು ಸಲ ನೂರಾರು ಕಿಲೋಮೀಟರ್ ನಡೆದು ಉಳಿದ ದಿನ ಕೂಡುವುದು, ವರ್ಷದ ನೀರನ್ನೆಲ್ಲ ಒಂದೇ ದಿನ ಬೆಳೆಗೆ ಬಿಟ್ಟ ಹಾಗೆ. ಬೆಳೆಗೆ ಪಾಳಿಯ ನೀರೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಪಾಳಿಯ ಲೆಕ್ಕವೇ: ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಚುರುಕು ನಡಿಗೆಯಂಥ ಕೆಲಸ, ಮತ್ತು ಎರಡು ದಿನ ಸ್ನಾಯುಗಳಿಗೆ ಭಾರದ ಕೆಲಸ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಎಂದರೆ ಮುಗಿಯಿತು.

ನಾವು ಐದು ಜನ ಒಂದು ಸಣ್ಣ ಕಟ್ಟಳೆ ಮಾಡಿಕೊಂಡಿದ್ದೇವೆ. ಐದೂವರೆಗೆ ಮಾರುತಿ ಗುಡಿಯ ಕಟ್ಟೆಗೆ ಕೂಡಬೇಕು. ಬಾರದವನ ಮನೆಗೆ ಉಳಿದ ನಾಲ್ವರು ಹೋಗಿ ಅಂಗಳದಲ್ಲಿ ಕೂತು ಚಹಾ ಕುಡಿಯಬೇಕು. ಹೇಳಬೇಕಾದದ್ದೇನೂ ಇಲ್ಲ, ಚಹಾ ಕುಡಿದು ಎದ್ದರೆ ಸಾಕು. ಬೆಳಿಗ್ಗೆ ಐದೂವರೆಗೆ ನಾಲ್ಕು ಕಪ್ ಚಹಾ ಮಾಡಬೇಕಾದ ಮನೆಯೊಡತಿ ಮರುದಿನ ಯಜಮಾನನನ್ನು ತಾನೇ ಎಬ್ಬಿಸಿ ಹೊರಗೆ ಹಾಕುತ್ತಾಳೆ. ಮೈಗಳ್ಳನನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಚೌಕಿ ಇಲ್ಲ.

ಕಟ್ಟು ಬಿಚ್ಚುವುದು

ಇನ್ನು ತೆಲುಗಿನ ಬದ್ಧಕಂ. ಕೆಲವರನ್ನು ನಿಜವಾಗಿಯೇ ಕಟ್ಟಿ ಹಾಕಿರುತ್ತದೆ. ಅವರನ್ನು ಸೋಮಾರಿ ಎಂದು ಬೈಯುವುದು ಅನ್ಯಾಯ. ಅಂಗಡಿ ಬಿಟ್ಟು ಹೋಗಲಾಗದ ವ್ಯಾಪಾರಿ, ರಾತ್ರಿ ಪಾಳಿಯ ಕರೆಂಟಿಗೆ ನೀರು ಹಾಯಿಸಿ ಬಂದ ರೈತ, ಕತ್ತಲಲ್ಲಿ ಒಬ್ಬಳೇ ಹೊರಬೀಳಲಾಗದ ಹೆಣ್ಣುಮಗಳು, ಮೊಣಕಾಲು ನೋವಿನ ಮುದುಕಿ. ಇವರಿಗೆ ಬೇಕಾದದ್ದು ಉಪದೇಶವಲ್ಲ, ಹಗ್ಗ ಬಿಚ್ಚುವ ದಾರಿ.

1953ರಲ್ಲಿ ಜೆರ‍್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರ ಬಗ್ಗೆ ಒಂದು ಲೆಕ್ಕ ಪ್ರಕಟಿಸಿದರು. ಕೂತೇ ಇರುವ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡುವ ಕಂಡಕ್ಟರ್‌ಗಳಿಗೆ ಹೃದಯಾಘಾತ ಕಡಿಮೆಯಿತ್ತು. ಆ ಕಂಡಕ್ಟರರು ವ್ಯಾಯಾಮಕ್ಕೆಂದು ಮನಸ್ಸು ಮಾಡಿದವರೇ ಅಲ್ಲ. ಅವರ ಕೆಲಸವೇ ಅವರನ್ನು ಹತ್ತಿಸಿ ಇಳಿಸುತ್ತಿತ್ತು. ನಾವೂ ಕೆಲಸವನ್ನೇ ಹಾಗೆ ಜೋಡಿಸಿಕೊಳ್ಳಬಹುದು. ಬೆರಳು ಕಳೆದುಕೊಂಡ ನನ್ನ ಗೆಳೆಯರು ಗಾಯ ಮಾದ ಮೇಲೆ, ವೈದ್ಯರು ಹೇಳಿದ ಮೆತ್ತನೆಯ ಬೂಟು ಹಾಕಿಕೊಂಡು, ಒಂದು ನೇಮ ಮಾಡಿದರು. ಫೋನ್ ಬಂದರೆ ಗಾದಿಯಿಂದ ಏಳಬೇಕು, ಮಾತು ಮುಗಿಯುವ ತನಕ ಅಂಗಡಿಯ ಮುಂದೆ ಅಡ್ಡಾಡಬೇಕು. ತೊಗರಿಯ ಸುಗ್ಗಿಯಲ್ಲಿ ದರ ಕೇಳುವ ಫೋನುಗಳು ಎಷ್ಟು ಬರುತ್ತವೆಂದು ಉದಗೀರದ ದಾಲ್ ಮಿಲ್ಲಿಗೆ ಮಾಲು ಕಳಿಸುವವರನ್ನು ಕೇಳಿರಿ!

ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಡ್ಡಾಡಿದರೆ ರಕ್ತದ ಸಕ್ಕರೆ ಏರುವುದು ಕಡಿಮೆಯಾಗುತ್ತದೆ. ಅಂಗಳದಲ್ಲಾದರೂ ಸರಿ, ಮಾಳಿಗೆಯ ಮೇಲಾದರೂ ಸರಿ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಕಾಲಿಗೆ ಎರಡೆರಡು ಸೇರು ಹತ್ತಿಕೊಳ್ಳುವಾಗ ಶಾಲೆಯ ಪಡಸಾಲೆ, ಗುಡಿಯ ಸುತ್ತು ಇದ್ದೇ ಇವೆ. ಅದೂ ಆಗದಿದ್ದರೆ ಗೋಡೆಗೆ ಕೈ ಕೊಟ್ಟು ಹತ್ತು ಬೈಠಕ. ಹೆಣ್ಣುಮಕ್ಕಳು ನಾಲ್ಕು ಜನ ಕೂಡಿ ಬೆಳಕು ಹರಿದ ಮೇಲೆ ಶಾಲೆಯ ಮೈದಾನಕ್ಕೆ ಹೋಗಲಿ. ಆ ಅರ್ಧ ಗಂಟೆ ಒಲೆಯ ಮುಂದೆ ಕೂಡುವವರು ಗಂಡಸರಾದರೆ ಬಾನೇನೂ ಬೀಳುವುದಿಲ್ಲ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ ಕೇಳಿ ಹೆದರುವವರೂ ಇದ್ದಾರೆ. ಆ ಅಂಕಿ ಹರಡಿದ್ದು ವೈದ್ಯರಿಂದಲ್ಲ, 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರಕ್ಕೆ ‘ಹತ್ತು ಸಾವಿರ ಹೆಜ್ಜೆ’ ಎಂಬ ಅರ್ಥದ ಹೆಸರಿಟ್ಟು ಮಾರಿದ್ದರಿಂದ. 2025ರಲ್ಲಿ ಬಂದ ಅಧ್ಯಯನ 7 ಸಾವಿರ ಹೆಜ್ಜೆಯ ಸುಮಾರಿಗೇ ಬಹಳಷ್ಟು ಲಾಭ ಸಿಗುತ್ತದೆಂದು ಹೇಳಿದೆ. ಎರಡು ಸಾವಿರ ನಡೆಯುವವನು ನಾಲ್ಕು ಸಾವಿರಕ್ಕೆ ಬಂದರೂ ಗೆದ್ದಂತೆ.

ಎಚ್ಚರಿಕೆಯೂ ಇರಲಿ. ನಡೆಯುವಾಗ ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಬೇಕು, ದವಾಖಾನೆಗೆ ಹೋಗಬೇಕು. ಅದು ಮೈಗಳ್ಳತನವಲ್ಲ. ಸಕ್ಕರೆಯ ಗುಳಿಗೆ, ಇಂಜೆಕ್ಷನ್ ತೆಗೆದುಕೊಳ್ಳುವವರು ಬೆವರಿ ಕೈಕಾಲು ನಡುಗಿದರೆ ಎಂದು ಕಿಸೆಯಲ್ಲಿ ಸಕ್ಕರೆಯ ಪುಡಿಕೆ ಇಟ್ಟುಕೊಳ್ಳಲಿ. ಅವರು ಬರಿಗಾಲಲ್ಲಿ ನಡೆಯಬಾರದು, ರಾತ್ರಿ ಮಲಗುವ ಮುಂದೆ ಅಂಗಾಲು ನೋಡಿಕೊಳ್ಳಬೇಕು. ನಸುಕಿನಲ್ಲಿ ಹೆದ್ದಾರಿ ಬಿಟ್ಟು ಬಂಡಿ ದಾರಿ ಹಿಡಿಯಿರಿ, ಕೈಯಲ್ಲಿ ಬ್ಯಾಟರಿ ಇರಲಿ.

ಒಂದು ಹೆಸರಿನ ಬೆಳೆಯಷ್ಟು ಕಾಲ

ಎಷ್ಟು ದಿನ ಹೀಗೆ ಹಟಕ್ಕೆ ಬಿದ್ದು ನಡೆಯಬೇಕು, ತಾನಾಗಿ ರೂಢಿಯಾಗುವುದು ಎಂದಿಗೆ ಎಂದು ಕೇಳುವವರಿಗೆ ಲಂಡನ್ನಿನ ಸಂಶೋಧಕರು 96 ಜನರನ್ನು ನೋಡಿ ಹೇಳಿದ ಉತ್ತರವಿದೆ. ಹೊಸ ಕೆಲಸವೊಂದು ರೂಢಿಗೆ ಬೀಳಲು ಸರಾಸರಿ 66 ದಿನ ಬೇಕಾದವು. ಕೆಲವರಿಗೆ 18 ದಿನ ಸಾಕಾದವು, ಕೆಲವರಿಗೆ 254 ದಿನದ ತನಕ ಹಿಡಿಯುತ್ತದೆ ಎಂದು ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದರೆ ಕೆಟ್ಟುಹೋಗುವುದಿಲ್ಲ ಎಂಬುದನ್ನೂ ಅವರು ಕಂಡರು. ನಮ್ಮ ಲೆಕ್ಕದಲ್ಲಿ 66 ದಿನವೆಂದರೆ ಒಂದು ಹೆಸರಿನ ಬೆಳೆ. ಕೆಲವರ ಮೈ ಹೆಸರಿನ ಜಾತಿಯದು, ಬೇಗ ಬರುತ್ತದೆ. ಕೆಲವರದು ತೊಗರಿ, ತಡ. ಎರಡನ್ನೂ ಬೆಳೆದವರು ನಾವು. ತೊಗರಿ ತಡವಾಯಿತೆಂದು ಯಾರೂ ಕಿತ್ತು ಹಾಕಿಲ್ಲ.

ಬಿತ್ತಿದ ಮರುದಿನ ಹೊಲಕ್ಕೆ ಹೋಗಿ ಕಾಯಿ ಹುಡುಕುವವನನ್ನು ಊರು ನಗುತ್ತದೆ. ನಾಲ್ಕು ದಿನ ನಡೆದು ಹೊಟ್ಟೆ ಕರಗಲಿಲ್ಲವೆಂದು ಬಿಡುವವನೂ ಅವನ ಅಣ್ಣನೇ. ಮೊದಲು ಬರುವ ಫಲ ಹೊಟ್ಟೆಯಲ್ಲಿ ಕಾಣುವುದಿಲ್ಲ. ರಾತ್ರಿಯ ನಿದ್ದೆಯಲ್ಲಿ, ಮುಂಜಾನೆಯ ಹಸಿವಿನಲ್ಲಿ, ಬಸ್ಸಿನ ಮೆಟ್ಟಿಲು ಹತ್ತುವಾಗ ಕೈ ಆಸರೆ ಹುಡುಕದಿರುವುದರಲ್ಲಿ ಕಾಣುತ್ತದೆ. ಪಂಕ್ತಿಯಲ್ಲಿ ಕೆಳಗೆ ಕೂತು ಊಟ ಮಾಡಿ, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಲ್ಲುವ ಅರವತ್ತು ವರ್ಷದವನು ಈ ಕಾಲದಲ್ಲಿ ಸಣ್ಣ ಶ್ರೀಮಂತನಲ್ಲ.

ರೈತ ಬಂಧುಗಳೆ, ವ್ಯಾಪಾರಿ ಮಿತ್ರರೆ, ಈ ಪುಟ ಓದಿ ಮುಗಿಸಿದ ಕೂಡಲೆ ನಿಮಗೆ ಹುಮ್ಮಸ್ಸು ಬರಲಿ ಎಂದು ನಾನು ಹಾರೈಸುವುದಿಲ್ಲ. ಬಂದ ಹುಮ್ಮಸ್ಸು ಸಂಜೆಯೊಳಗೆ ಇಳಿಯುತ್ತದೆ. ಅದರ ಬದಲು ಪೆನ್ನು ತೆಗೆದುಕೊಳ್ಳಿರಿ. ಕಿರ್ದಿಯ ಮೂಲೆಯಲ್ಲೋ, ಕ್ಯಾಲೆಂಡರಿನ ಹಿಂದೆಯೋ ಮೂರೇ ಮಾತು ಬರೆಯಿರಿ: ಯಾವ ಹೊತ್ತು, ಯಾವ ದಾರಿ, ಯಾರ ಜೊತೆ. ಆ ಜೊತೆಗಾರನಿಗೆ ಇವತ್ತೇ ತಿಳಿಸಿರಿ. ಕನ್ನಡದಲ್ಲಾದರೂ ಹೇಳಿರಿ, ತೆಲುಗಿನಲ್ಲಾದರೂ ಹೇಳಿರಿ, ಮರಾಠಿಯಲ್ಲಾದರೂ ಹೇಳಿರಿ. ನಾಳೆ ಆ ಹೊತ್ತಿಗೆ ಅವನು ಬಂದು ಬಾಗಿಲು ಬಡಿದರೆ ಸಾಕು.